ಹೊಲಿಗೆಗೆ ಕೀವಾಗುತ್ತಾ? ಕಾರಣ ಸಮೇತ ಹೇಳೋ ಮಾಡೆಲ್ ಕಟ್ಟೋದು ಹೀಗೆ

ಆಪರೇಷನ್ ಆದ ಮೇಲೆ ಯಾರ ಗಾಯಕ್ಕೆ ಸೋಂಕಾಗಬಹುದು ಅಂತ ಹಳೆಯ ರೋಗಿಗಳ ಡೇಟಾದಿಂದ ಕಲಿತು ಮೊದಲೇ ಹೇಳೋ ಕಂಪ್ಯೂಟರ್ ಲೆಕ್ಕವೇ ಇಲ್ಲಿ ಮಾಡೆಲ್. ಪೈಥಾನ್‌ನಲ್ಲಿ ಕೋಡ್ ಬರೆಯೋದು ಆಮೇಲೆ. ಮೊದಲು ಫೋನ್ ಕೈಗೆ ತಗೊಳ್ಳಿ.

ಆಪರೇಷನ್ ಆದ 30 ದಿನದೊಳಗೆ ಆ ಜಾಗಕ್ಕೆ ಸೋಂಕಾದರೆ ಅದು ಲೆಕ್ಕಕ್ಕೆ ಬರುತ್ತೆ. ರಾಡು, ಪ್ಲೇಟು ಹಾಕಿದ್ದರೆ 90 ದಿನದವರೆಗೂ ನೋಡಬೇಕು. ಆದರೆ ಕಲಬುರಗಿಯಲ್ಲಿ ಆಪರೇಷನ್ ಆದವರು ವಾರದೊಳಗೆ ಚಿಂಚೋಳಿಗೋ ಸುರಪುರಕ್ಕೋ ವಾಪಸ್ ಹೋಗಿರುತ್ತಾರೆ, ತೊಗರಿ ರಾಶಿಯ ಸಮಯವಾದರಂತೂ ತೋರಿಸೋಕೂ ಬರಲ್ಲ. ಸಿಸೇರಿಯನ್ ಆದ ಒಬ್ಬ ತಾಯಿಯ ಕೇಸ್ ಶೀಟಲ್ಲಿ 'ಗಾಯ ಚೆನ್ನಾಗಿದೆ' ಅಂತ ಬರೆದಿತ್ತು. ನಾನೇ ಫೋನ್ ಮಾಡಿದೆ. "ಒಂಬತ್ತನೇ ದಿನಕ್ಕ ಸೀರಿ ಹಸಿಯಾಗಿ ಅಂಟ್ಕೊಂಡಿತ್ರೀ, ಕೀವು ಬಂದಿತ್ತು, ಊರಾಗಿನ ಡಾಕ್ಟರ್ ಕಡೆ ಸೂಜಿ ಮಾಡಿಸ್ಕೊಂಡೆ" ಅಂದರು. ನಮ್ಮ ಎಕ್ಸೆಲ್‌ನಲ್ಲಿ ಆಕೆಯ ಮುಂದೆ ಸೊನ್ನೆ ಇತ್ತು, ಅಂದರೆ ಸೋಂಕಿಲ್ಲ ಅಂತ. ಇಂಥ ಸೊನ್ನೆಗಳನ್ನೇ ಕಲಿತ ಮಾಡೆಲ್, ದೂರದ ಹಳ್ಳಿಯವರಿಗೆ ಸೋಂಕು ಕಡಿಮೆ ಅಂತ ಹೇಳುತ್ತೆ. ಅದಕ್ಕೇ 30ನೇ ದಿನ ಪ್ರತಿಯೊಬ್ಬರಿಗೂ ಫೋನ್ ಮಾಡಿ ಕೇಳಿ, ಬರೆದಿಡಿ.

ಕಾಲಂಗಳಲ್ಲಿ ಹೊಲಿಗೆ ಹಾಕುವ ಹೊತ್ತಿಗೆ ಗೊತ್ತಿರೋದು ಮಾತ್ರ ಇರಲಿ: ಶುಗರ್, ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನ್), ಬೀಡಿ-ಸಿಗರೇಟ್, ತುರ್ತು ಆಪರೇಷನ್ನಾ, ಎಷ್ಟು ನಿಮಿಷ ಹಿಡಿಯಿತು, ಗಾಯ ಶುದ್ಧದಿಂದ ಕೊಳಕಿನವರೆಗಿನ ನಾಲ್ಕು ದರ್ಜೆಯಲ್ಲಿ ಯಾವುದು, ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಆಂಟಿಬಯಾಟಿಕ್ ಕೊಟ್ಟರಾ. ಐದನೇ ದಿನ ಆಂಟಿಬಯಾಟಿಕ್ ಬದಲಾಯಿಸಿದ್ದನ್ನು ಸೇರಿಸಲೇಬೇಡಿ. ಕೀವು ಕಂಡ ಮೇಲೇ ಅದನ್ನು ಬದಲಾಯಿಸಿರುತ್ತಾರೆ, ಅಲ್ವಾ? ಆಲ್ಬುಮಿನ್ ಖಾಲಿ ಇದ್ದರೆ ಸುಮ್ನೆ ಸರಾಸರಿ ತುಂಬಬೇಡಿ. ಗಟ್ಟಿಮುಟ್ಟಾಗಿ ಕಂಡವರಿಗೆ ಆ ಪರೀಕ್ಷೆ ಬರೆದಿರೋದೇ ಇಲ್ಲ, 'ಮಾಡಿಸಿಲ್ಲ' ಅಂತಲೇ ಬೇರೆ ಗುರುತು ಹಾಕಿ.

ಲಾಜಿಸ್ಟಿಕ್ ರಿಗ್ರೆಷನ್‌ನಿಂದ ಶುರು ಮಾಡಿ, ಅದು ಒಂದೊಂದು ಕಾಲಂಗೂ ಒಂದು ತೂಕ ಕೊಟ್ಟು, ಕೂಡಿಸಿ, ಸೋಂಕಿನ ಸಾಧ್ಯತೆ ಹೇಳೋ ಸರಳ ಲೆಕ್ಕ. 50 ಜನಕ್ಕೆ ಮಾತ್ರ ಸೋಂಕಾಗಿದ್ದರೆ ನಾಲ್ಕೈದು ಕಾಲಂ ಸಾಕು. ಡೇಟಾ ಜಾಸ್ತಿಯಿದ್ದರೆ ಇಬಿಎಂ (ಎಕ್ಸ್‌ಪ್ಲೇನಬಲ್ ಬೂಸ್ಟಿಂಗ್ ಮಷೀನ್) ಅನ್ನೋ ಮಾಡೆಲ್ ನೋಡಿ, ಒಂದೊಂದು ಕಾಲಂಗೂ ಅದು ಗ್ರಾಫ್ ಬಿಡಿಸಿ ತೋರಿಸುತ್ತೆ. ಮಾಡೆಲ್ ಕೊಟ್ಟ ಉತ್ತರದಲ್ಲಿ ಯಾವ ಕಾಲಂ ಪಾಲು ಎಷ್ಟು ಅಂತ ಲೆಕ್ಕ ಹಾಕೋ ಶಾಪ್ (SHAP) ಕೂಡ ಇದೆ, 2017ರಲ್ಲಿ ಬಂದಿದ್ದು, ಆದರೆ ಅದು ಹೇಳೋದು ಮಾಡೆಲ್ ಯಾಕೆ ಹಾಗಂದಿತು ಅಂತ, ಸೋಂಕು ಯಾಕಾಯಿತು ಅಂತ ಅಲ್ಲ.

ಗ್ರಾಫ್‌ಗಳನ್ನು ಪ್ರಿಂಟ್ ತೆಗೆದು ಸರ್ಜನ್‌ಗೂ ಡ್ರೆಸ್ಸಿಂಗ್ ಮಾಡುವ ಸಿಸ್ಟರ್‌ಗೂ ತೋರಿಸಿ. ಅಮೆರಿಕದಲ್ಲಿ ನ್ಯುಮೋನಿಯಾದ ಒಂದು ಮಾಡೆಲ್, ಆಸ್ತಮಾ ಇದ್ದವರು ಸಾಯೋದು ಕಡಿಮೆ ಅಂತ ಕಲಿತುಬಿಟ್ಟಿತ್ತು. ನಿಜ ಏನಂದರೆ ಅವರನ್ನು ನೇರ ಐಸಿಯುಗೆ ಹಾಕಿ ಜಾಸ್ತಿ ಆರೈಕೆ ಮಾಡಿದ್ದರು. ಗ್ರಾಫಿನ ಗೆರೆ ಕಣ್ಣಿಗೆ ಕಾಣೋ ಹಾಗಿದ್ದರೆ ಮಾತ್ರ ಇಂಥ ತಪ್ಪು ಸಿಗುತ್ತೆ.

ಮಾಡೆಲ್ ಪರೀಕ್ಷೆಗೆ, ಅದು ಕಲಿತ ಡೇಟಾದ ಆಮೇಲಿನ ತಿಂಗಳುಗಳ ರೋಗಿಗಳನ್ನೇ ಇಟ್ಟುಕೊಳ್ಳಿ. 1000 ಜನರಲ್ಲಿ 50 ಜನಕ್ಕೆ ಸೋಂಕಾಗಿದ್ದರೆ 'ಯಾರಿಗೂ ಆಗಲ್ಲ' ಅಂದರೂ ಶೇ. 95 ಸರಿಯೇ, ಆ ಅಂಕಿಯಿಂದ ಪ್ರಯೋಜನವಿಲ್ಲ. ಆ 50ರಲ್ಲಿ ಎಷ್ಟು ಜನರನ್ನು ಹಿಡಿಯಿತು ಅಂತ ನೋಡಿ. ಸೋಂಕಿನ ಸಾಧ್ಯತೆ ಶೇ. 20 ಅಂತ ಮಾಡೆಲ್ ಅಂದವರಲ್ಲಿ ನೂರಕ್ಕೆ ಹತ್ತಿರಹತ್ತಿರ 20 ಜನಕ್ಕೆ ಆಯಿತಾ ಅಂತಲೂ ನೋಡಿ.

ಇಷ್ಟೂ ಸರಿ ಬಂದರೆ ಅಪಾಯ ಜಾಸ್ತಿ ಅಂತ ಮಾಡೆಲ್ ಹೇಳಿದವರ ಡಿಸ್ಚಾರ್ಜ್ ದಿನ, ಕಾರಣ ಬರೆದ ಒಂದು ಚೀಟಿ ಸಿಸ್ಟರ್ ಕೈಗೆ ಕೊಡಿ: 'ಶುಗರ್ 240, ತುರ್ತು ಆಪರೇಷನ್, ಮೂರು ತಾಸು.' ಆ ಚೀಟಿಯವರಿಗೆ 30ನೇ ದಿನದವರೆಗೆ ಕಾಯದೆ, ಮನೆಗೆ ಹೋದ ಮೂರನೇ ದಿನವೇ ಫೋನ್ ಹೋಗಲಿ.