ಪಾಚಿಯ ಗುಂಪು ಪತ್ತೆ ಮಾಡುವುದು ಹೇಗೆ?

ಕೊಳದ ನೀರಿನಿಂದ ಎತ್ತಿದ ನಾಲ್ಕೆಳೆ ಪಾಚಿಯನ್ನು ಸೂಕ್ಷ್ಮದರ್ಶಕದಡಿ ಒಮ್ಮೆ ನೋಡಿದವರು ‘ಬರೀ ಪಾಚಿ’ ಎಂಬ ಮಾತನ್ನು ಮತ್ತೆ ಆಡಲಾರರು. ಅಷ್ಟು ವೈವಿಧ್ಯ ಅಲ್ಲಿದೆ. ಐರ್ಲೆಂಡಿನ ಸಸ್ಯವಿಜ್ಞಾನಿ ವಿಲಿಯಂ ಹೆನ್ರಿ ಹಾರ್ವಿ 1836ರಲ್ಲಿ ಶೈವಲಗಳನ್ನು, ಅಂದರೆ ಪಾಚಿಗಳನ್ನು, ಬಣ್ಣ ನೋಡಿ ವಿಂಗಡಿಸಿದರು. 1935ರಲ್ಲಿ ಬ್ರಿಟನ್ನಿನ ಶೈವಲ ತಜ್ಞ ಫ್ರಿಟ್ಶ್ ಅವುಗಳನ್ನು 11 ವರ್ಗಗಳಾಗಿಸಿದಾಗ ಬಣ್ಣದ ಜೊತೆಗೆ ಕೂಡಿಟ್ಟ ಆಹಾರ ಮತ್ತು ಕಶಾಂಗಗಳನ್ನೂ (ಕೋಶ ಈಜಲು ಬಳಸುವ ಚಾಟಿಯಂತಹ ಎಳೆಗಳು) ಲೆಕ್ಕಕ್ಕೆ ತೆಗೆದುಕೊಂಡರು. ಕಲಿಯುವವರಿಗೆ ಇಂದಿಗೂ ಇದೇ ಒಳ್ಳೆಯ ದಾರಿ.

ಹಂತ 1: ನ್ಯೂಕ್ಲಿಯಸ್ ಇದೆಯೇ?
ನಾಸ್ಟಾಕ್ ಮಣಿಸರದಂತೆ ಕಾಣುತ್ತದೆ. ಆದರೆ ಅದರ ಕೋಶದಲ್ಲಿ ನ್ಯೂಕ್ಲಿಯಸ್ಸೂ ಇಲ್ಲ, ಕ್ಲೋರೋಪ್ಲಾಸ್ಟೂ ಇಲ್ಲ. ನೀಲಿ-ಹಸಿರು ಶೈವಲ ಎಂಬ ಹಳೆಯ ಹೆಸರು ಉಳಿದುಕೊಂಡಿದ್ದರೂ ಇವು ಬ್ಯಾಕ್ಟೀರಿಯಾಗಳು. ಇವನ್ನು ಮೊದಲೇ ಬದಿಗಿಡಿ.

ಹಂತ 2: ಬಣ್ಣ ನೋಡಿ, ಆದರೆ ಪೂರ್ತಿ ನಂಬಬೇಡಿ
ಹಸಿರು ಶೈವಲಗಳಲ್ಲಿ ಕ್ಲೋರೋಫಿಲ್ ಎ ಮತ್ತು ಬಿ ಇರುತ್ತವೆ. ಕಂದು ಶೈವಲಗಳಲ್ಲಿ ಎ ಮತ್ತು ಸಿ ಇದ್ದು, ಫ್ಯೂಕೋಕ್ಸಾಂಥಿನ್ ಎಂಬ ಕಂದು ವರ್ಣದ್ರವ್ಯ ಹಸಿರನ್ನು ಮರೆಮಾಡುತ್ತದೆ. ಕಂದು ಶೈವಲದ ಒಂದು ತುಂಡನ್ನು ಕುದಿನೀರಿಗೆ ಹಾಕಿ ನೋಡಿ: ಕಂದು ಬಣ್ಣ ಸರಿದು, ಅಷ್ಟು ಹೊತ್ತು ಅಡಗಿದ್ದ ಹಸಿರು ಕಣ್ಣೆದುರೇ ಮೂಡುತ್ತದೆ. ಎಷ್ಟು ಸಲ ನೋಡಿದರೂ ಬೇಸರ ತರದ ನೋಟವಿದು.

ಕೆಂಪು ಶೈವಲಗಳ ಬಣ್ಣಕ್ಕೆ ಫೈಕೋಎರಿಥ್ರಿನ್ ಕಾರಣ. ಆಳಕ್ಕೆ ಇಳಿಯುವ ನೀಲಿ-ಹಸಿರು ಬೆಳಕನ್ನು ಅದು ಹೀರಬಲ್ಲದು. ಬಹಾಮಾಸ್ ಬಳಿ 268 ಮೀಟರ್ ಆಳದಲ್ಲೂ ಕೆಂಪು ಶೈವಲ ಸಿಕ್ಕಿದೆ.

ಇನ್ನು ಮೋಸದ ಮಾತು. ಟ್ರೆಂಟಿಪೋಲಿಯಾ ತೇವದ ಗೋಡೆ, ಮರದ ತೊಗಟೆಯ ಮೇಲೆ ಕಿತ್ತಳೆ ಬಣ್ಣದಲ್ಲಿ ಹಬ್ಬುತ್ತದೆ. ಆದರೂ ಅದು ಹಸಿರು ಶೈವಲವೇ. ಕೋಶದೊಳಗೆ ತುಂಬಿದ ಕ್ಯಾರೋಟಿನ್ ಅದರ ಹಸಿರನ್ನು ಮುಚ್ಚಿಬಿಟ್ಟಿರುತ್ತದೆ.

ಹಂತ 3: ಒಂದು ಹನಿ ಅಯೋಡಿನ್
ನನಗೆ ಅತ್ಯಂತ ಪ್ರಿಯವಾದ ಹಂತ ಇದು. ಸ್ಪೈರೋಗೈರಾ ಎಂಬ ಹಸಿರು ಶೈವಲದ ಎಳೆಯ ಮೇಲೆ ತೆಳು ಅಯೋಡಿನ್ ದ್ರಾವಣ ಬಿಡಿ. ಸುರುಳಿ ಸುತ್ತಿದ ಹಸಿರು ಪಟ್ಟಿಯ ಮೇಲೆ ಸಾಲಾಗಿ ಕುಳಿತ ಚುಕ್ಕೆಗಳು ಕಪ್ಪು-ನೀಲಿಗೆ ತಿರುಗುತ್ತವೆ. ಕ್ಲೋರೋಪ್ಲಾಸ್ಟಿನೊಳಗಿನ ಪೈರಿನಾಯ್ಡ್ ಎಂಬ ಪ್ರೋಟೀನ್ ಕಣಗಳ ಸುತ್ತ ಶೇಖರವಾದ ಪಿಷ್ಟ ಅದು. ಕೆಂಪು ಶೈವಲಗಳ ಪಿಷ್ಟದ ಬಗೆಯೇ ಬೇರೆ, ಅದು ಕೆಂಗಂದಾಗುತ್ತದೆ. ಕಂದು ಶೈವಲಗಳು ಪಿಷ್ಟದ ಬದಲು ಲ್ಯಾಮಿನಾರಿನ್ ಮತ್ತು ಮ್ಯಾನಿಟಾಲ್ ಕೂಡಿಡುವುದರಿಂದ ಆ ನೀಲಿ ಮೂಡುವುದಿಲ್ಲ.

ಹಂತ 4: ಈಜುವ ಕೋಶಗಳನ್ನು ಗಮನಿಸಿ
ಹಸಿರು ಶೈವಲಗಳ ಈಜುವ ಕೋಶಗಳಲ್ಲಿ ಸಾಮಾನ್ಯವಾಗಿ ಮುಂತುದಿಯಲ್ಲಿ ಸಮಾನ ಉದ್ದದ ಎರಡು ಅಥವಾ ನಾಲ್ಕು ಕಶಾಂಗಗಳಿರುತ್ತವೆ. ಕಂದಿನವುಗಳಲ್ಲಿ ಪಕ್ಕದಿಂದ ಹೊರಟ ಎರಡು, ಒಂದು ಉದ್ದ, ಒಂದು ಗಿಡ್ಡ. ಕೆಂಪು ಶೈವಲಗಳಿಗೆ ಬದುಕಿನ ಯಾವ ಘಟ್ಟದಲ್ಲೂ ಕಶಾಂಗವಿಲ್ಲ. ಗಂಡು ಕೋಶ ಕೂಡ ನೀರಿನ ಸೆಳೆತಕ್ಕೆ ತೇಲಿಯೇ ಹೆಣ್ಣನ್ನು ಸೇರಬೇಕು.

ಹಂತ 5: ಚಿಪ್ಪು ಇದೆಯೇ?
ಹೊಂಗಂದು ಬಣ್ಣದ ಒಂಟಿ ಕೋಶಕ್ಕೆ ಗಾಜಿನಂತಹ ಗೋಡೆ ಕಂಡರೆ ಅದು ಡಯಾಟಮ್. ಸಿಲಿಕಾದ ಎರಡು ಅರ್ಧಗಳು ಡಬ್ಬಿಗೆ ಮುಚ್ಚಳ ಹಾಕಿದಂತೆ ಕೂಡಿಕೊಂಡಿರುತ್ತವೆ. ಹತ್ತಾರು ಮೀಟರ್ ಬೆಳೆಯುವ ಕಂದು ಶೈವಲ ಕೆಲ್ಪ್‌ಗೆ ಹತ್ತಿರದ ಬಂಧು ಈ ಕಣ್ಣಿಗೆ ಕಾಣದ ಡಬ್ಬಿಯೇ ಹೊರತು ಹಸಿರು ಶೈವಲವಲ್ಲ. ಹಸಿರು ಶೈವಲಗಳ ನೆಂಟಸ್ತಿಕೆಯೇನಿದ್ದರೂ ನೆಲದ ಮೇಲಿನ ಹುಲ್ಲು, ಮರಗಳ ಜೊತೆ.