ಕೊನೆಯಲ್ಲಿ ಉರುಳುವ ಹೆಸರುಗಳು: ಅಪರಿಚಿತ ಸಿನಿಮಾಗಳನ್ನು ನಾನು ಹುಡುಕಿಕೊಂಡ ಬಗೆ

2022ರ ಡಿಸೆಂಬರಿನಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಹತ್ತು ವರ್ಷಗಳಿಗೊಮ್ಮೆ ನಡೆಸುವ ಸಮೀಕ್ಷೆಯ ಫಲಿತಾಂಶ ಹೊರಬಿದ್ದಾಗ, ಜಗತ್ತಿನ ಸಿನಿಮಾವನ್ನು ಮನೆಯಲ್ಲೇ ಕುಳಿತು ಕ್ರಮವಾಗಿ ನೋಡಿ ಮುಗಿಸಬೇಕೆಂಬ ಹುರುಪು ನನಗೆ ಹತ್ತಿತು. ಮೊದಲ ನೂರು ಚಿತ್ರಗಳ ಹೆಸರನ್ನು ಹಾಳೆಯೊಂದರಲ್ಲಿ ಬರೆದುಕೊಂಡು, ಮೇಲಿನಿಂದ ಕೆಳಕ್ಕೆ ಒಂದೊಂದನ್ನೇ ನೋಡಿ ಗೆರೆ ಎಳೆಯುತ್ತಾ ಹೋಗುವುದೆಂದು ನಿಶ್ಚಯಿಸಿದೆ. ಮೊದಲನೆಯ ಸ್ಥಾನದಲ್ಲಿದ್ದುದು ಬೆಲ್ಜಿಯಂನ ಶಾಂತಾಲ್ ಅಕೆರ್ಮನ್ 1975ರಲ್ಲಿ ತೆಗೆದ ‘ಜಾನ್ ದೀಲ್ಮಾನ್’. 201 ನಿಮಿಷಗಳ ಆ ಚಿತ್ರದಲ್ಲಿ ಒಬ್ಬ ವಿಧವೆಯ ಮೂರು ದಿನಗಳ ದಿನಚರಿಯನ್ನು, ಅವಳ ಮನೆಗೆಲಸವನ್ನು, ಕ್ಯಾಮೆರಾ ಕದಲದೆ ನೋಡುತ್ತದೆ. ಕದಲಿದವನು ನಾನು. ಐವತ್ತನೆಯ ನಿಮಿಷದ ಹೊತ್ತಿಗೆ ಫೋನು ಕೈಗೆ ಬಂದಿತ್ತು, ಒಂದೂವರೆ ಗಂಟೆಯಾಗುವಷ್ಟರಲ್ಲಿ ನಿದ್ದೆ ಬಂದಿತ್ತು. ಒಂಬತ್ತು ಚಿತ್ರಗಳನ್ನು ಹಾಗೂ ಹೀಗೂ ದಾಟಿಸಿ, ಹತ್ತನೆಯದನ್ನು ಶುರುಮಾಡುವ ಮೊದಲೇ ಹಾಳೆಯನ್ನು ಮಡಿಸಿಟ್ಟೆ.

ಆ ಪಟ್ಟಿಯಲ್ಲಿ ದೋಷವಿತ್ತೆಂದು ನಾನು ಹೇಳುತ್ತಿಲ್ಲ. ಅದು ಬೇರೆ ಯಾರದೋ ನೋಟದ ಕೊನೆಯ ಲೆಕ್ಕವಾಗಿತ್ತು. ಆ ಲೆಕ್ಕಕ್ಕೆ ಬರುವ ಮೊದಲು ಅವರು ನಡೆದ ದಾರಿ ನನಗೆ ತಿಳಿದಿರಲಿಲ್ಲ. ಇನ್ನೊಂದು ಕಡೆ ಓಟಿಟಿಗಳು ‘ನಿಮಗಾಗಿ’ ಎಂದು ತೋರಿಸುತ್ತಿದ್ದುದು ನಾನು ನೋಡಿದ್ದನ್ನೇ ಬೇರೆ ಬಣ್ಣದಲ್ಲಿ. ಒಂದು ಕೊಲೆಯ ಕಥೆ ನೋಡಿದರೆ ಹತ್ತು ಕೊಲೆಗಳು ಸಾಲಾಗಿ ನಿಲ್ಲುತ್ತಿದ್ದವು.

ದಾರಿ ಸಿಕ್ಕಿದ್ದು ಆಕಸ್ಮಿಕವಾಗಿ. ಲೂಕಾ ಗ್ವಾದಾನ್ಯೀನೋ ನಿರ್ದೇಶನದ 2017ರ ‘ಕಾಲ್ ಮಿ ಬೈ ಯುವರ್ ನೇಮ್’ ನೋಡುತ್ತಿದ್ದೆ. ಅದರ ಕೊನೆಯಲ್ಲಿ ಹುಡುಗ ಬೆಂಕಿಗೂಡಿನ ಮುಂದೆ ಕುಳಿತು ಅಳುತ್ತಾನೆ, ಹೆಸರುಗಳು ಆ ಮುಖದ ಮೇಲೆಯೇ ಮೂಡತೊಡಗುತ್ತವೆ. ಮುಖ ಬಿಡದಿದ್ದುದರಿಂದ ನಾನೂ ಕೂತೆ. ಕೂತದ್ದರಿಂದ ಹೆಸರುಗಳನ್ನು ಓದಿದೆ. ಇಟಲಿಯ ಬೇಸಿಗೆಯನ್ನು ಅಷ್ಟು ಮೃದುವಾಗಿ ಹಿಡಿದಿದ್ದ ಛಾಯಾಗ್ರಾಹಕರ ಹೆಸರು ಸಯೋಂಭು ಮುಕ್‌ದೀಪ್ರೋಮ್, ಅವರು ಥಾಯ್ಲೆಂಡಿನವರು. ಇಡೀ ಚಿತ್ರವನ್ನು ಅವರು ಒಂದೇ 35 ಮಿಲಿಮೀಟರ್ ಲೆನ್ಸಿನಲ್ಲಿ ಚಿತ್ರೀಕರಿಸಿದ್ದರೆಂದು ಆಮೇಲೆ ತಿಳಿಯಿತು. ಈ ಕಣ್ಣು ಬೇರೆಲ್ಲಿ ಏನನ್ನು ನೋಡಿದೆ ಎಂಬ ಕುತೂಹಲ ಹುಟ್ಟಿತು. ನನ್ನ ಹುಡುಕಾಟದ ಕ್ರಮ ಎಂದು ಏನಾದರೂ ಇದ್ದರೆ, ಅದು ಆ ರಾತ್ರಿಯ ಆ ಒಂದು ಪ್ರಶ್ನೆಯನ್ನೇ ಮತ್ತೆ ಮತ್ತೆ ಕೇಳುವುದು.

ಉತ್ತರ ನನ್ನನ್ನು ಥಾಯ್ ನಿರ್ದೇಶಕ ಅಪಿಚಾತ್‌ಪೋಂಗ್ ವೀರಸೇತಕುಲ್ ಅವರ ‘ಅಂಕಲ್ ಬೂನ್ಮೀ’ಗೆ ಕರೆದೊಯ್ದಿತು. 2010ರಲ್ಲಿ ಕಾನ್ ಚಿತ್ರೋತ್ಸವದ ಅತ್ಯುನ್ನತ ಪ್ರಶಸ್ತಿಯಾದ ಪಾಮ್ ದೋರ್ ಪಡೆದ ಚಿತ್ರವದು. ಅದರ ಛಾಯಾಗ್ರಾಹಕರಲ್ಲಿ ಸಯೋಂಭು ಕೂಡ ಒಬ್ಬರು. ಮೂತ್ರಪಿಂಡದ ಕಾಯಿಲೆಯಿಂದ ಸಾಯುತ್ತಿರುವ ಬೂನ್ಮೀ ರಾತ್ರಿ ಊಟಕ್ಕೆ ಕುಳಿತಾಗ, ಎಂದೋ ತೀರಿಕೊಂಡ ಹೆಂಡತಿ ಪಕ್ಕದ ಖಾಲಿ ಕುರ್ಚಿಯಲ್ಲಿ ನಿಧಾನವಾಗಿ ಮೂಡಿಬರುತ್ತಾಳೆ; ಕಳೆದುಹೋಗಿದ್ದ ಮಗ ಕೆಂಪು ಕಣ್ಣಿನ ವಾನರರೂಪದಲ್ಲಿ ಮೆಟ್ಟಿಲು ಹತ್ತಿ ಬರುತ್ತಾನೆ; ಯಾರೂ ಕಿರುಚುವುದಿಲ್ಲ. ಪಟ್ಟಿಯೊಂದರ ಇಷ್ಟನೇ ಸ್ಥಾನದ ಚಿತ್ರವೆಂದು ಇದನ್ನು ನೋಡಿದ್ದರೆ ನಾನು ಗೊಂದಲಗೊಂಡು ಬಿಟ್ಟುಬಿಡುತ್ತಿದ್ದೆನೇನೋ. ಆದರೆ ನಾನು ಬಂದದ್ದು ಬೆಳಕನ್ನು ನೋಡಲು, ಆ ಬೆಳಕಿನ ಪರಿಚಯ ಆಗಲೇ ಇತ್ತು. ಕಥೆಯ ವಿಚಿತ್ರ ಅದರ ಹಿಂದೆಯೇ ಒಳಗೆ ಬಂದಿತು. ಕೈಯಲ್ಲಿ ಒಂದು ಗುರುತು ಇಟ್ಟುಕೊಂಡು ಅಪರಿಚಿತ ಚಿತ್ರದೊಳಗೆ ಹೋಗುವುದಕ್ಕೂ ಬರಿಗೈಯಲ್ಲಿ ಹೋಗುವುದಕ್ಕೂ ಇರುವ ವ್ಯತ್ಯಾಸ ನನಗೆ ತಿಳಿದದ್ದು ಆಗ.

ಅದೇ ಛಾಯಾಗ್ರಾಹಕರ ಬೆನ್ನು ಹಿಡಿದು ಪೋರ್ಚುಗಲ್ಲಿಗೂ ಹೋದೆ. ಮಿಗೆಲ್ ಗೋಮೆಸ್ ಅವರ 2015ರ ‘ಅರೇಬಿಯನ್ ನೈಟ್ಸ್’ ಮೂರು ಭಾಗಗಳ, ಒಟ್ಟು ಆರು ಗಂಟೆಗೂ ಮೀರಿದ ಚಿತ್ರ. ಶಹರ್‌ಜಾದೆ ಕಥೆ ಹೇಳುವ ಚೌಕಟ್ಟಿನೊಳಗೆ ಆರ್ಥಿಕ ಬಿಕ್ಕಟ್ಟಿನ ಕಾಲದ ಪೋರ್ಚುಗಲ್ಲಿನ ಬದುಕನ್ನು ಕೂರಿಸಿದೆ. ಎಲ್ಲವೂ ಸಮನಾಗಿ ಹಿಡಿಸಿತೆಂದರೆ ಸುಳ್ಳಾಗುತ್ತದೆ. ಎರಡನೆಯ ಭಾಗ ಇಷ್ಟವಾಯಿತು, ಮೂರನೆಯದನ್ನು ನೋಡಿ ಮುಗಿಸಲು ಮೂರು ದಿನ ಹಿಡಿಯಿತು.

ಇಲ್ಲಿಂದ ಮುಂದೆ ಛಾಯಾಗ್ರಾಹಕರ ಹೆಸರಷ್ಟೇ ಅಲ್ಲ, ಚಿತ್ರದ ಆರಂಭದ ಮುದ್ರೆಗಳನ್ನೂ ಕೊನೆಯ ಕೃತಜ್ಞತೆಯ ಸಾಲುಗಳನ್ನೂ ಓದುವ ಅಭ್ಯಾಸ ಬೆಳೆಯಿತು. ಅಪಿಚಾತ್‌ಪೋಂಗ್ ಅವರ ಮೊದಲ ದೀರ್ಘ ಚಿತ್ರ, 2000ದ ‘ಮಿಸ್ಟೀರಿಯಸ್ ಆಬ್ಜೆಕ್ಟ್ ಅಟ್ ನೂನ್’, ಕಪ್ಪು–ಬಿಳುಪಿನದು. ಚಿತ್ರತಂಡ ಥಾಯ್ಲೆಂಡಿನ ಉದ್ದಕ್ಕೂ ಸಂಚರಿಸುತ್ತಾ, ಒಬ್ಬರು ನಿಲ್ಲಿಸಿದ ಕಥೆಯನ್ನು ಇನ್ನೊಬ್ಬರಿಂದ ಮುಂದುವರಿಸಿ ಹೇಳಿಸುತ್ತದೆ. ಅದಕ್ಕೆ ನೆರವು ಕೊಟ್ಟವರಲ್ಲಿ ಹ್ಯೂಬರ್ಟ್ ಬಾಲ್ಸ್ ಫಂಡ್ ಇದೆ. ಇದು ನೆದರ್ಲೆಂಡ್ಸಿನ ರೋಟರ್‌ಡ್ಯಾಮ್ ಚಿತ್ರೋತ್ಸವದ ಸ್ಥಾಪಕರ ಹೆಸರಿನಲ್ಲಿ, ಅವರು 1988ರಲ್ಲಿ ತೀರಿಕೊಂಡ ಹೊತ್ತಿನಲ್ಲಿ ರೂಪುಗೊಂಡ ನಿಧಿ. ಏಷ್ಯಾ, ಆಫ್ರಿಕಾ, ಲ್ಯಾಟಿನ್ ಅಮೆರಿಕಗಳ ನಿರ್ದೇಶಕರಿಗೆ ಚಿತ್ರಕಥೆಯ ಹಂತದಿಂದಲೂ ಹಣ ಕೊಡುತ್ತದೆ. ಇಂಥ ನಿಧಿಯ ಹೆಸರು ಒಮ್ಮೆ ಕಣ್ಣಿಗೆ ಬಿದ್ದರೆ ಅದು ಬೆಂಬಲಿಸಿದ ಚಿತ್ರಗಳೆಲ್ಲವೂ ಒಂದೊಂದು ಬಾಗಿಲಾಗುತ್ತವೆ. ಆದರೆ ಒಂದು ಎಚ್ಚರಿಕೆಯ ಮಾತು: ಹೀಗೆ ಒಂದೇ ನಿಧಿಯ ಹಿಂದೆ ಹೋಗಿ ಎರಡು ತಿಂಗಳಲ್ಲಿ ಹನ್ನೆರಡು ಚಿತ್ರಗಳನ್ನು ನೋಡಿದಾಗ, ದೂರದಲ್ಲಿ ನಿಂತ ಕ್ಯಾಮೆರಾ, ಮಾತನಾಡದ ನಾಯಕ, ಉತ್ತರವಿಲ್ಲದ ಕೊನೆ, ಇವು ಕೂಡ ಹಾಡು–ಹೊಡೆದಾಟಗಳಷ್ಟೇ ಸಿದ್ಧ ಸೂತ್ರವಾಗಬಲ್ಲವೆಂದು ನನಗನ್ನಿಸಿತು. ಆಮೇಲಿಂದ ಒಂದೇ ಎಳೆಯಲ್ಲಿ ಸತತವಾಗಿ ಮೂರಕ್ಕಿಂತ ಹೆಚ್ಚು ಚಿತ್ರಗಳನ್ನು ನೋಡುವುದಿಲ್ಲ.

ಅದೇ ‘ಮಿಸ್ಟೀರಿಯಸ್ ಆಬ್ಜೆಕ್ಟ್’ ಚಿತ್ರದ ಆರಂಭದಲ್ಲಿ ಇನ್ನೊಂದು ಹೆಸರಿತ್ತು. ನಾನು ನೋಡಿದ್ದು ರೀಸ್ಟೋರ್ ಮಾಡಿದ ಪ್ರತಿ. ಆ ಕೆಲಸದಲ್ಲಿ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ನ ಕೈಯಿತ್ತು. ಮಾರ್ಟಿನ್ ಸ್ಕಾರ್ಸೇಸಿ 2007ರಲ್ಲಿ ಆರಂಭಿಸಿದ ಈ ಯೋಜನೆ, ಮೂಲ ನೆಗೆಟಿವ್‌ಗಳು ಹಾಳಾಗುತ್ತಿದ್ದ, ಸ್ವದೇಶದಲ್ಲೇ ಕಾಣಲು ಸಿಗದಿದ್ದ ಚಿತ್ರಗಳನ್ನು ಉಳಿಸುವ ಕೆಲಸ ಮಾಡಿದೆ. ನನ್ನ ಮಟ್ಟಿಗೆ ಇದರಷ್ಟು ಫಲ ಕೊಟ್ಟ ಎಳೆ ಇನ್ನೊಂದಿಲ್ಲ. ಸೆನೆಗಲ್‌ನ ಜಿಬ್ರಿಲ್ ದಿಯೋಪ್ ಮಂಬೆಟಿ 1973ರಲ್ಲಿ ತೆಗೆದ ‘ತೂಕಿ ಬೂಕಿ’ ಸಿಕ್ಕಿದ್ದು ಇಲ್ಲಿ. ಹೋರಿಯ ಕೊಂಬು ಕಟ್ಟಿದ ಮೋಟಾರ್‌ಸೈಕಲ್ಲಿನ ಮೇಲೆ ಪ್ಯಾರಿಸ್ಸಿನ ಕನಸು ಕಾಣುತ್ತಾ ತಿರುಗುವ ಆ ಜೋಡಿಯನ್ನು ನೋಡಿ, ಅರ್ಧ ಶತಮಾನದ ಹಿಂದಿನ ಚಿತ್ರ ಇವತ್ತಿನವಕ್ಕಿಂತ ಎಳೆಯದಾಗಿ ಕಾಣಲು ಸಾಧ್ಯವೇ ಎಂದು ಬೆರಗಾದೆ. ಟರ್ಕಿಯ ಮೆತಿನ್ ಎರ್ಕ್‌ಸಾನ್ ಅವರ ‘ಡ್ರೈ ಸಮರ್’ ಸಿಕ್ಕಿದ್ದೂ ಇಲ್ಲಿಯೇ. ತನ್ನ ಜಮೀನಿನ ಊಟೆಗೆ ಒಡ್ಡು ಹಾಕಿ ಕೆಳಗಿನ ಹೊಲಗಳಿಗೆ ನೀರು ಬಿಡದ ರೈತನ ಈ ಕಥೆ 1964ರಲ್ಲಿ ಬರ್ಲಿನ್ ಚಿತ್ರೋತ್ಸವದ ಚಿನ್ನದ ಕರಡಿಯನ್ನು ಗೆದ್ದಿತ್ತು. ಬರ್ಲಿನ್ನಿನ ಅತ್ಯುನ್ನತ ಪ್ರಶಸ್ತಿ ಪಡೆದ ಚಿತ್ರವೂ ಹೀಗೆ ಮರೆವಿಗೆ ಸರಿಯಬಹುದಾದರೆ, ಪ್ರಶಸ್ತಿಯಿಲ್ಲದವುಗಳ ಗತಿಯನ್ನು ಊಹಿಸಿಕೊಳ್ಳಬಹುದು.

ಸಂಸ್ಥೆಯ ಮುದ್ರೆಯೊಂದನ್ನೇ ಹಿಡಿದು ಹೋದ ಇನ್ನೊಂದು ದಾರಿ ಇರಾನಿನದು. ಅಬ್ಬಾಸ್ ಕಿಯಾರೊಸ್ತಾಮಿಯವರ 1987ರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್?’ ಚಿತ್ರವನ್ನು ನಿರ್ಮಿಸಿದ್ದು ಮಕ್ಕಳ ಹಾಗೂ ಕಿಶೋರರ ಬೌದ್ಧಿಕ ಬೆಳವಣಿಗೆಗೆಂದು ಸ್ಥಾಪನೆಯಾದ, ‘ಕಾನೂನ್’ ಎಂದು ಕರೆಯಲಾಗುವ ಸಂಸ್ಥೆ. ಅಲ್ಲಿಯ ಇತರ ನಿರ್ಮಾಣಗಳನ್ನು ಹುಡುಕಿದಾಗ ಅಮೀರ್ ನಾದೇರಿಯವರ ‘ದ ರನ್ನರ್’ ಸಿಕ್ಕಿತು, ಬಹ್ರಾಮ್ ಬೇಜಾಯಿಯವರ ‘ಬಾಶು’ ಸಿಕ್ಕಿತು. ಕಿಯಾರೊಸ್ತಾಮಿ ಎಂಬ ಒಂದೇ ಹೆಸರಿನ ನೆರಳಿನಲ್ಲಿ ನಾನು ನೋಡದೆ ಬಿಟ್ಟಿದ್ದ ಇಡೀ ಪರಂಪರೆಯೊಂದು ಆ ಸಣ್ಣ ಮುದ್ರೆಯ ಹಿಂದೆ ಇತ್ತು.

ಇದಕ್ಕೆಲ್ಲ ಮನೆಯಲ್ಲಿ ಮಾಡಿಕೊಳ್ಳಬೇಕಾದ ಮೊದಲ ವ್ಯವಸ್ಥೆ ತೀರಾ ಚಿಕ್ಕದು. ಚಿತ್ರ ಮುಗಿಯುತ್ತಿದ್ದಂತೆ ಹೆಸರುಗಳನ್ನು ಮೂಲೆಗೆ ತಳ್ಳಿ ಮುಂದಿನದನ್ನು ತಾನಾಗಿ ಶುರುಮಾಡುವ ಆಟೋಪ್ಲೇ ಸೌಲಭ್ಯವನ್ನು ಸೆಟ್ಟಿಂಗ್ಸ್‌ಗೆ ಹೋಗಿ ನಿಲ್ಲಿಸಬೇಕು. ಎರಡನೆಯದಾಗಿ, ಟಿವಿಯ ಮೋಷನ್ ಸ್ಮೂದಿಂಗ್ ಅನ್ನು ತೆಗೆಯಬೇಕು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಣವಾಗಿರುತ್ತದೆ. ಟಿವಿ ಅವುಗಳ ನಡುವೆ ತಾನೇ ಕಲ್ಪಿಸಿದ ಚೌಕಟ್ಟುಗಳನ್ನು ತುರುಕಿದಾಗ, ಫಿಲ್ಮಿನಲ್ಲಿ ತೆಗೆದ ದೃಶ್ಯವೂ ಧಾರಾವಾಹಿಯ ಸೆಟ್ಟಿನಂತೆ ಕಾಣುತ್ತದೆ. ‘ಅಂಕಲ್ ಬೂನ್ಮೀ’ಯ 16 ಮಿಲಿಮೀಟರ್ ಫಿಲ್ಮಿನ ಕತ್ತಲೆಯನ್ನು ನಾನು ಮೊದಲ ಅರ್ಧ ಗಂಟೆ ಈ ತಪ್ಪಿನೊಂದಿಗೇ ನೋಡಿ, ಪ್ರತಿಯೇ ಸರಿಯಿಲ್ಲವೆಂದು ಬೈದುಕೊಂಡಿದ್ದೆ.

ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆಗೆ ಉತ್ತರ ದೇಶದಿಂದ ದೇಶಕ್ಕೆ, ತಿಂಗಳಿಂದ ತಿಂಗಳಿಗೆ ಬದಲಾಗುತ್ತದೆ, ಏಕೆಂದರೆ ಪ್ರಸಾರದ ಹಕ್ಕುಗಳು ಪ್ರದೇಶಕ್ಕೂ ಅವಧಿಗೂ ಕಟ್ಟುಬಿದ್ದಿರುತ್ತವೆ. ಜಸ್ಟ್‌ವಾಚ್‌ನಂಥ ಹುಡುಕುತಾಣದಲ್ಲಿ ನೋಡಿ, ಮುಬಿಯಂಥ ಓಟಿಟಿ ಸೇವೆಯಲ್ಲಿದ್ದರೆ ತಡಮಾಡದೆ ನೋಡಿಬಿಡುತ್ತೇನೆ. ಹೆಚ್ಚಿನವರು ಗಮನಿಸದೇ ಇರುವುದು ಸಂಗ್ರಹಾಲಯಗಳೇ ಉಚಿತವಾಗಿ ತೆರೆದಿಟ್ಟಿರುವ ಭಂಡಾರಗಳನ್ನು. ಕೊರಿಯನ್ ಫಿಲ್ಮ್ ಆರ್ಕೈವ್ ತನ್ನ ಯೂಟ್ಯೂಬ್ ವಾಹಿನಿಯಲ್ಲಿ ನೂರಕ್ಕೂ ಹೆಚ್ಚು ಹಳೆಯ ಚಿತ್ರಗಳನ್ನು ಇಂಗ್ಲಿಷ್ ಸಬ್‌ಟೈಟಲ್ ಸಹಿತ ಹಾಕಿದೆ. 1939ರಲ್ಲಿ ಸ್ಥಾಪನೆಯಾದ ಕೆನಡಾದ ನ್ಯಾಷನಲ್ ಫಿಲ್ಮ್ ಬೋರ್ಡ್ ತನ್ನ ಸಾಕ್ಷ್ಯಚಿತ್ರಗಳನ್ನೂ ಅನಿಮೇಷನ್‌ಗಳನ್ನೂ ತನ್ನ ತಾಣದಲ್ಲೇ ನೋಡಲು ಬಿಟ್ಟಿದೆ. ಹುಡುಕುವಾಗ ಇಂಗ್ಲಿಷ್ ಹೆಸರನ್ನಷ್ಟೇ ನೆಚ್ಚಬಾರದು. ‘ಡ್ರೈ ಸಮರ್’ ಎಂದು ಹುಡುಕಿ ಸೋತಿದ್ದ ನಾನು ‘ಸುಸುಜ್ ಯಾಜ್’ ಎಂಬ ಟರ್ಕಿಶ್ ಹೆಸರಿನಲ್ಲಿ ಹುಡುಕಿದಾಗ ಅದರ ಬಗ್ಗೆ ಓದಲು ಬೇಕಾದಷ್ಟು ಸಿಕ್ಕಿತು. ಪರ್ಷಿಯನ್, ಥಾಯ್, ಕೊರಿಯನ್ ಹೆಸರುಗಳನ್ನು ಮೂಲ ಲಿಪಿಯಲ್ಲೇ ನಕಲು ಮಾಡಿ ಹಾಕುವುದು ಇನ್ನೂ ಒಳ್ಳೆಯದು. ಲಿಪ್ಯಂತರದಲ್ಲಿ ಒಬ್ಬೊಬ್ಬರದು ಒಂದೊಂದು ಕಾಗುಣಿತ.

ಡಿಸ್ಕಿನಿಂದಲೋ ಕಡತದಿಂದಲೋ ನೋಡುವವರಿಗೆ ಸಬ್‌ಟೈಟಲಿನ ಕಾಟ ತಪ್ಪಿದ್ದಲ್ಲ. ಮಾತಿಗಿಂತ ಅಕ್ಷರ ಒಂದೇ ಪ್ರಮಾಣದಲ್ಲಿ ಹಿಂದೆ ಅಥವಾ ಮುಂದೆ ಇದ್ದರೆ ವಿಎಲ್‌ಸಿ ಪ್ಲೇಯರಿನಲ್ಲಿ ‘ಜಿ’ ಮತ್ತು ‘ಹೆಚ್’ ಕೀಲಿಗಳನ್ನು ಒತ್ತಿ ಸರಿಮಾಡಬಹುದು. ಆದರೆ ಆರಂಭದಲ್ಲಿ ಸರಿಯಿದ್ದು, ಹೋಗುತ್ತಾ ಹೋಗುತ್ತಾ ಅಂತರ ಬೆಳೆದರೆ ಆ ಕೀಲಿಗಳಿಂದ ಪ್ರಯೋಜನವಿಲ್ಲ. ಯುರೋಪಿನ ಹಳೆಯ ಟಿವಿ ಪದ್ಧತಿಗೆ ಹೊಂದಿಸಲು ಸೆಕೆಂಡಿಗೆ 25 ಚೌಕಟ್ಟುಗಳಂತೆ ಓಡಿಸಿದ ಪ್ರತಿಗೆ 24ರ ಲೆಕ್ಕದ ಸಬ್‌ಟೈಟಲ್ ಜೋಡಿಸಿದಾಗ ಹೀಗಾಗುತ್ತದೆ. ವೇಗದ ವ್ಯತ್ಯಾಸ ಶೇಕಡಾ 4ರಷ್ಟಾದ್ದರಿಂದ ಒಂದು ಗಂಟೆಗೆ ಎರಡು ನಿಮಿಷಕ್ಕೂ ಹೆಚ್ಚಿನ ಅಂತರ ಬೀಳುತ್ತದೆ. ಆಗ ಸಬ್‌ಟೈಟಲಿನ ವೇಗವನ್ನೇ ಬದಲಿಸಬೇಕು. ಇದು ತಿಳಿಯದೆ ಒಂದು ಇಡೀ ಸಂಜೆ ಹತ್ತು ನಿಮಿಷಕ್ಕೊಮ್ಮೆ ಕೀಲಿ ಒತ್ತುತ್ತಾ ಚಿತ್ರ ನೋಡಿದ್ದೇನೆ.

ಪಟ್ಟಿಗಳನ್ನು ನಾನು ಪೂರ್ತಿ ಬಿಟ್ಟಿಲ್ಲ, ಓದುವ ಕ್ರಮ ಬದಲಾಗಿದೆ. ‘ಸೈಟ್ ಅಂಡ್ ಸೌಂಡ್’ ಸಮೀಕ್ಷೆಯಲ್ಲಿ 1,600ಕ್ಕೂ ಹೆಚ್ಚು ವಿಮರ್ಶಕರು, ಸಂಗ್ರಾಹಕರು, ಅಧ್ಯಾಪಕರು ತಲಾ ಹತ್ತು ಚಿತ್ರಗಳನ್ನು ಹೆಸರಿಸಿದ್ದಾರೆ. ಒಬ್ಬೊಬ್ಬರ ಆಯ್ಕೆಯೂ ಪ್ರಕಟವಾಗಿದೆ. ಒಟ್ಟು ಎಣಿಕೆಯಲ್ಲಿ ಮೇಲೆ ಬರುವುದು ಎಲ್ಲರಿಗೂ ಗೊತ್ತಿರುವ ಚಿತ್ರ. ನಾನು ಮಾಡುವುದಿಷ್ಟು: ನನಗೆ ಬಹಳ ಇಷ್ಟವಾದ, ಆದರೆ ಹೆಚ್ಚು ಮತ ಬೀಳದ ಎರಡು ಚಿತ್ರಗಳನ್ನು ಹೆಸರಿಸಿದವರು ಯಾರಾದರೂ ಇದ್ದಾರೆಯೇ ಎಂದು ನೋಡಿ, ಅವರ ಉಳಿದ ಎಂಟು ಚಿತ್ರಗಳನ್ನು ಬರೆದುಕೊಳ್ಳುತ್ತೇನೆ. ಆಸ್ಕರ್‌ನ ಅಂತರರಾಷ್ಟ್ರೀಯ ಚಿತ್ರ ವಿಭಾಗವನ್ನೂ ಹೀಗೆಯೇ ಹಿಂದುಮುಂದಾಗಿ ಓದುತ್ತೇನೆ. ವರ್ಷಕ್ಕೆ 80ಕ್ಕೂ ಹೆಚ್ಚು ದೇಶಗಳು ತಲಾ ಒಂದು ಚಿತ್ರ ಕಳುಹಿಸುತ್ತವೆ. ಸುದ್ದಿಯಾಗುವುದು ಕೊನೆಯ ಐದು. ಭೂತಾನಿನ ‘ಲುನಾನಾ’ ಆ ಐದರಲ್ಲಿ ಸೇರಿದಾಗ, ಆ ದೇಶ ಹಿಂದೆ ಏನು ಕಳುಹಿಸಿತ್ತೆಂದು ನೋಡಿದೆ. ಫುಟ್‌ಬಾಲ್ ವಿಶ್ವಕಪ್ ನೋಡಲು ಹಟ ಹಿಡಿದ ಎಳೆಯ ಭಿಕ್ಷುಗಳ ಕುರಿತ, ಬೌದ್ಧ ಗುರುವೇ ಆಗಿರುವ ಖ್ಯೆಂತ್ಸೆ ನೋರ್ಬು ನಿರ್ದೇಶಿಸಿದ 1999ರ ‘ದ ಕಪ್’ ಹಾಗೆ ಸಿಕ್ಕಿತು.

ಇವೆಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ. ಚಿತ್ರದ ಹೆಸರು, ವರ್ಷ, ಅದು ನನಗೆ ಯಾವ ಚಿತ್ರದ ಮೂಲಕ ತಿಳಿಯಿತು ಎಂಬುದು ಒಂದು ಸಾಲು. ನೋಡಿದ ಮೇಲೆ ಅದರಲ್ಲಿ ಸಿಕ್ಕ ಹೊಸ ಹೆಸರು ಅದರ ಕೆಳಗೆ. ಅಂಕ ಕೊಡುವುದಿಲ್ಲ. ಯಾವ ಚಿತ್ರ ಎಷ್ಟು ಹಿಡಿಸಿತೆಂಬುದು ನೆನಪಿರುತ್ತದೆ, ಅಲ್ಲಿಗೆ ಬಂದ ದಾರಿ ಮಾತ್ರ ಮರೆತುಹೋಗುತ್ತದೆ.

ಕಳೆದ ವರ್ಷ, ಮಡಿಸಿಟ್ಟಿದ್ದ ಆ ಹಾಳೆಯ ಮೊದಲ ಚಿತ್ರಕ್ಕೆ ಮರಳಿದೆ. ಫೋನನ್ನು ಬೇರೆ ಕೋಣೆಯಲ್ಲಿಟ್ಟು, ಮಧ್ಯಾಹ್ನದ ಹೊತ್ತು ಆರಿಸಿಕೊಂಡು, ಒಂದೇ ಬಾರಿಗೆ 201 ನಿಮಿಷ ಕುಳಿತೆ. ಎರಡನೆಯ ದಿನದ ಕಥೆಯಲ್ಲಿ ಆಕೆಯ ದಿನಚರಿ ಕೂದಲೆಳೆಯಷ್ಟು ತಪ್ಪುವುದನ್ನು ಗುರುತಿಸಿದಾಗ ಬೆನ್ನು ನೆಟ್ಟಗಾಯಿತು. ಮೊದಲ ದಿನವನ್ನು ಅಷ್ಟು ನಿಧಾನವಾಗಿ ನೋಡದಿದ್ದರೆ ಈ ತಪ್ಪು ತಪ್ಪಾಗಿ ಕಾಣುತ್ತಲೇ ಇರಲಿಲ್ಲ. ಚಿತ್ರ ಮುಗಿದ ಮೇಲೆ ಹೆಸರುಗಳನ್ನು ಓದಿದೆ. ತಂಡದಲ್ಲಿ ಬಹುಪಾಲು ಮಹಿಳೆಯರು. ಛಾಯಾಗ್ರಾಹಕಿ ಬಾಬೆತ್ ಮಾಂಗೋಲ್ತ್. ಅವರು ಅದಕ್ಕೂ ಮೊದಲು, 1972ರಲ್ಲಿ, ನೃತ್ಯಗಾರ್ತಿ ಇವಾನ್ ರೈನರ್ ಅವರ ‘ಲೈವ್ಸ್ ಆಫ್ ಪರ್ಫಾರ್ಮರ್ಸ್’ ಚಿತ್ರಕ್ಕೆ ಕ್ಯಾಮೆರಾ ಹಿಡಿದಿದ್ದರು. ಅದು ನನಗೆ ಇನ್ನೂ ಎಲ್ಲಿಯೂ ಸಿಕ್ಕಿಲ್ಲ. ನೋಟ್‌ಬುಕ್ಕಿನಲ್ಲಿ ‘ಜಾನ್ ದೀಲ್ಮಾನ್’ನ ಕೆಳಗೆ ಬರೆದಿಟ್ಟಿದ್ದೇನೆ.