ಗುಂಯ್ ಸದ್ದಿಗೆ ಸ್ಟೆಬಿಲೈಸರ್ ಮದ್ದಲ್ಲ

ನಮ್ಮ ಮನೆಯಲ್ಲಿ ವೋಲ್ಟೇಜ್ ಏರಿಳಿತ, ಸ್ಪೀಕರ್‌ನಲ್ಲಿ ಗುಂಯ್ ಸದ್ದು. ಚಿತ್ರದುರ್ಗದಲ್ಲಿ ಯಾರಿಗೆ ಹೇಳಿದರೂ ಒಂದೇ ಸಲಹೆ: "ಸ್ಟೆಬಿಲೈಸರ್ ಹಾಕ್ರಿ ಸಾರ್, ಎಲ್ಲಾ ಸರಿ ಹೋಗುತ್ತೆ." ನಾನು ಅದಕ್ಕೂ ಮುಂಚೆ ವೋಲ್ಟ್ ಅಳೆಯುವ ಮಲ್ಟಿಮೀಟರ್ ತಂದೆ.

ನಮ್ಮದು ಲೈನಿನ ಕೊನೆಯ ಮನೆ. ಇರಬೇಕಾದ್ದು 230 ವೋಲ್ಟ್. ಸಂಜೆ 185ರ ಆಸುಪಾಸು ಬರುತ್ತಿತ್ತು, ನಡುರಾತ್ರಿ 250 ದಾಟುತ್ತಿತ್ತು. ಟಿವಿ, ಮೊಬೈಲ್ ಚಾರ್ಜರ್‌ಗಳಿಗೆ ಇದರ ಚಿಂತೆಯಿಲ್ಲ. ಅವುಗಳ ಎಸ್‌ಎಂಪಿಎಸ್ (ಒಳಗಿನ ಸ್ವಿಚಿಂಗ್ ಪವರ್ ಸಪ್ಲೈ) ಮೇಲೆ ಬರೆದಿರುವುದು 100ರಿಂದ 240, ಆದರೆ ಸಾಮಾನ್ಯವಾಗಿ 250ನ್ನೂ ನುಂಗಿಕೊಳ್ಳುತ್ತದೆ. ಕಷ್ಟ ಇರುವುದು ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಹಳೇ ಆಂಪ್ಲಿಫೈಯರ್‌ಗೆ. ಅದರಲ್ಲಿ 185 ವೋಲ್ಟ್‌ಗೆ ಪೂರ್ತಿ ಪವರ್‌ನ ಮೂರನೇ ಒಂದು ಪಾಲು ಹೋಯಿತು ಅಂತಲೇ ಲೆಕ್ಕ. ಆದರೂ ಕಡಿಮೆ ವಾಲ್ಯೂಮ್‌ನಲ್ಲಿ ಕೇಳುವವರಿಗೆ ಅದು ಗೊತ್ತೂ ಆಗುವುದಿಲ್ಲ. ನನಗೆ ಹೆದರಿಕೆ ಇದ್ದದ್ದು 250ರದ್ದು. ಒಳಗಿನ 45 ವೋಲ್ಟ್ ಸಪ್ಲೈ ಆಗ 49 ಆಗುತ್ತದೆ, ಕೂತಿರುವುದು 50 ವೋಲ್ಟ್‌ವರೆಗೆ ಮಾತ್ರ ತಾಳುವ ಕೆಪಾಸಿಟರ್!

ಇನ್ನೊಂದು ವಿಚಿತ್ರ ಕಂಡಿತು. ಪಕ್ಕದ ಮನೆಯವರು ಬೋರ್ ಮೋಟರ್ ಹಾಕಿದರೆ ನಮ್ಮಲ್ಲಿ ವೋಲ್ಟೇಜ್ ಇಳಿಯುವ ಬದಲು ಏರುತ್ತಿತ್ತು. ಅವರದು ಬೇರೆ ಫೇಸ್. ಹೀಗಾದರೆ ನ್ಯೂಟ್ರಲ್ (ಕರೆಂಟ್ ವಾಪಸ್ ಹೋಗುವ ತಂತಿ) ಲೂಸ್ ಅಂತಲೇ ತಿಳಿಯಬೇಕು. ನ್ಯೂಟ್ರಲ್ ಪೂರ್ತಿ ಕಿತ್ತರೆ ಮನೆಗೆ 400ರ ಹತ್ತಿರ ಬರಬಹುದು. ಲೈನ್‌ಮ್ಯಾನ್ ಕಂಬ ಹತ್ತಿ ನೋಡಿದರೆ ಜಾಯಿಂಟ್ ಕರಕಲಾಗಿತ್ತು. ಹೊಸದಾಗಿ ಬಿಗಿ ಮಾಡಿದ ಮೇಲೆ ಆ ಕುಣಿತ ನಿಂತಿತು. ಎಲೆಕ್ಟ್ರಿಷಿಯನ್ ಕೈಯಲ್ಲಿ ಮೇನ್ ಬೋರ್ಡ್‌ಗೆ ಓವರ್ ವೋಲ್ಟೇಜ್ ಕಟ್-ಆಫ್ ಒಂದನ್ನೂ ಹಾಕಿಸಿದೆ.

ಸಂಜೆಯ ಇಳಿತ, ರಾತ್ರಿಯ ಏರಿಕೆ ಮಾತ್ರ ಹಾಗೇ ಇತ್ತು. ಅದಕ್ಕೆ ಆಂಪ್ಲಿಫೈಯರ್‌ಗಷ್ಟೇ 1 ಕೆವಿಎ ಸರ್ವೋ ಸ್ಟೆಬಿಲೈಸರ್ ತಂದೆ, ಅಂದರೆ ಒಳಗಿನ ಮೋಟರ್ ವೋಲ್ಟೇಜನ್ನು ನಯವಾಗಿ ಸರಿಪಡಿಸುವಂಥದ್ದು. ರಿಲೇ (ಒಳಗಿನ ತಾನೇ ಬದಲಾಗುವ ಸ್ವಿಚ್) ಇರುವ ಸ್ಟೆಬಿಲೈಸರ್ ಅಗ್ಗ, ಆದರೆ ಹಾಡಿನ ಮಧ್ಯೆ ಟಕ್ ಟಕ್ ಅನ್ನುತ್ತದೆ. ವೋಲ್ಟೇಜನ್ನೂ ಮೆಟ್ಟಿಲು ಹತ್ತಿದ ಹಾಗೆ ಬದಲಿಸುತ್ತದೆ.

ಇಷ್ಟಾದರೂ ಸ್ಪೀಕರ್‌ನ ಗುಂಯ್ ಸದ್ದು ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ, ಅದಕ್ಕೆ ಕಾರಣವೇ ಬೇರೆ. ಆಂಪ್ಲಿಫೈಯರ್‌ಗೆ ಬರುವ ವೈರ್‌ಗಳನ್ನು ಒಂದೊಂದಾಗಿ ಕಿತ್ತು ನೋಡಿದೆ. ಸೆಟ್‌ಟಾಪ್ ಬಾಕ್ಸ್‌ನ ಕೇಬಲ್ ತೆಗೆದ ಕೂಡಲೇ ಸದ್ದು ನಿಂತಿತು. ಕೇಬಲ್‌ನವರ ಅರ್ಥ್ ಒಂದು ಕಡೆ, ಮನೆಯ ಅರ್ಥ್ ಇನ್ನೊಂದು ಕಡೆ. ಎರಡರ ನಡುವಿನ ಸಣ್ಣ ಕರೆಂಟ್ ಆಡಿಯೋ ವೈರ್‌ನ ಶೀಲ್ಡ್‌ನಲ್ಲಿ (ಹೊರಗಿನ ಲೋಹದ ಹೊದಿಕೆಯಲ್ಲಿ) ಹರಿಯುತ್ತಿತ್ತು, ಅದೇ ಗುಂಯ್ ಸದ್ದು. ಆ ವೈರ್ ಬದಲು ಟಿವಿಯಿಂದ ಆಂಪ್ಲಿಫೈಯರ್‌ಗೆ ಆಪ್ಟಿಕಲ್ ಕೇಬಲ್ ಹಾಕಿದೆ. ಅದರಲ್ಲಿ ಹೋಗುವುದು ಬೆಳಕು ಮಾತ್ರ, ಅಲ್ವಾ? ಕೆಲವರು ಪ್ಲಗ್‌ನ ಅರ್ಥ್ ಪಿನ್ನನ್ನೇ ಮುರಿದುಬಿಡುತ್ತಾರೆ. ಸದ್ದೇನೋ ಹೋಗುತ್ತದೆ, ಆದರೆ ಒಳಗೆ ಏನಾದರೂ ಸುಟ್ಟರೆ ಲೋಹದ ಬಾಡಿ ಮುಟ್ಟಿದವರ ಗತಿ? ದಯವಿಟ್ಟು ಬೇಡ.

ಅರ್ಥ್ ವಿಷಯದಲ್ಲಿ ನಮ್ಮ ಊರಿನ ಕಲ್ಲುನೆಲ ಬಲು ಮೊಂಡು. ಇದ್ದಿಲು, ಉಪ್ಪು ತುಂಬಿದ ಗುಂಡಿಯೂ ಬೇಸಿಗೆಯಲ್ಲಿ ಒಣಗುತ್ತದೆ. ಆಗಾಗ ಬಕೆಟ್ ನೀರು ಸುರಿಯುತ್ತೇನೆ.

ಫ್ಯಾನ್ ಓಡುವಾಗ ಬರುತ್ತಿದ್ದ ಚರ್ ಸದ್ದು ಹಳೇ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ದು. ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿದೆ, ಮುಗಿಯಿತು. ನಮ್ಮದು ಸ್ಕ್ವೇರ್ ವೇವ್ ಇನ್ವರ್ಟರ್, ಲೈನ್ ಕರೆಂಟಿನ ಹಾಗೆ ನಯವಾದ ಅಲೆ ಕೊಡುವುದಿಲ್ಲ. ಅದರ ಲೈನ್‌ನಲ್ಲಿ ಟ್ರಾನ್ಸ್‌ಫಾರ್ಮರ್ ಗುರ್ ಅನ್ನುವುದರಿಂದ ಆಂಪ್ಲಿಫೈಯರನ್ನು ಅದಕ್ಕೆ ಕೊಟ್ಟಿಲ್ಲ. ಕರೆಂಟ್ ಹೋದರೆ ಮೊಬೈಲ್‌ನಲ್ಲೇ ಹಾಡು.